ಲಾಯದ ಚಿಲಕ

ಕೂತ್ಕೋ ಗಾದಿಲಿಂಗ. ಆ ಕಲ್ಲು ಕಾದೈತೆ, ಈ ಕಡೆ ನೆರಳಿಗೆ ಬಾ.
ಕೌಲ್ ಬಜಾರಿನಲ್ಲಿ ಮಧ್ಯಾಹ್ನ ಮೂರಕ್ಕೆ
ಜೀನ್ಸ್ ಹೊಲಿಯೋ ಮಷೀನುಗಳೂ ಉಸ್ಸಂತಾವೆ.
ನಾಳೆ ಆಯುಧಕೋಣೆಯ ಕಿಟಕಿಯಲ್ಲಿ
ಎರಡು ಪಿಸ್ತೂಲು ತೋರಿಸ್ತಾರೆ, ಯಾವುದಕ್ಕೆ ಸಹಿ ಮಾಡಲಿ ಅಂತ ಕೇಳಿದೆ:
ಪಕ್ಕದಲ್ಲಿ ಪುಟ್ಟ ಚಿಲಕ ಇರೋ ಹಳೇದಕ್ಕೋ,
ಚಿಲಕವೇ ಇಲ್ಲದ ಹೊಸದಕ್ಕೋ.

ನಿನ್ನ ವಯಸ್ಸಿನವರು ಹೊಸದನ್ನೇ ಹೇಳ್ತಾರೆ, ಗೊತ್ತು.
ಎಳೆದರೆ ಹೊಡೀತೈತೆ, ನಡುವೆ ಇನ್ನೊಂದು ಕೆಲಸ ಇಲ್ಲ,
ಅರೆಗಳಿಗೆ ಉಳೀತೈತೆ.
ಉಳಿಸಿ ಏನ್ಮಾಡ್ತೀಯ ಅಂತ ಕೇಳೋಕಾಗಲ್ಲ,
ಕೆಲವೊಮ್ಮೆ ಜೀವ ಅದರೊಳಗೇ ಇರ್ತೈತೆ.

ಬೆರಳಿಟ್ಟು ಎಳೆಯೋ ಆ ಕೊಕ್ಕೆಗೆ
ನಮ್ಮ ಹಿರಿಯರು ಕುದುರೆ ಅಂದರು.
ಯಾಕಂದರೋ. ಓಡಿದ ಮೇಲೆ ಕೂಗಿದರೆ
ತಿರುಗಿ ಬರೋದಿಲ್ಲ ಅಂತಲೇ ಇರಬೇಕು.
ಹಂಗಾದರೆ ಚಿಲಕ ಅಂದರೆ ಲಾಯದ ಬಾಗಿಲು.

ಹದಿನೇಳು ವರ್ಷ ಆ ಬಾಗಿಲು ಮುಚ್ಚಿದೆ, ತೆಗೆದೆ, ಮುಚ್ಚಿದೆ.
ನಿವೃತ್ತಿಯಾಗಿ ಆರು ವರ್ಷ, ಹೆಬ್ಬೆರಳು ಮರೆತಿಲ್ಲ.
ಹಲ್ಲುಜ್ಜೋ ಬ್ರಷ್ ಹಿಡಿದರೂ ಕೆಳಕ್ಕೆ ಒತ್ತತೈತೆ.
ಮೊಮ್ಮಗಳು ನಗ್ತಾಳೆ,
ತಾತ, ಬ್ರಷ್‌ಗೂ ಸ್ವಿಚ್ಚಾ?

ಎರ್ರಿಸ್ವಾಮಿ ಸಂಡೂರು ದಾರಿಯ ಗೇಟಿನಲ್ಲಿದ್ದ, ಅದಿರು ಲಾರಿಗಳ ಕಾಲ.
ಆ ಕೆಂಪು ದೂಳು ನೀನು ಕಂಡಿಲ್ಲ.
ಮುಚ್ಚಿದ ಡಬ್ಬಿಯ ಬುತ್ತಿಯಲ್ಲಿ,
ತೊಟ್ಟಿಲ ಕೂಸಿನ ರೆಪ್ಪೆಯಲ್ಲಿ,
ಚಿಲಕದ ಸಂದಿಯಲ್ಲಿ.
ವಾರಕ್ಕೊಮ್ಮೆ ಎಣ್ಣೆ ಹಾಕೋ ಅಂದಿದ್ದೆ.
ಎಣ್ಣೆ ಹಾಕಿದರೆ ದೂಳು ಇನ್ನೂ ಅಂಟತೈತಣ್ಣ ಅಂದ.
ಅದೂ ನಿಜವೇ.
ಮಚ್ಚು ಹಿಡಿದವನು ಕ್ಯಾಬಿನ್ನಿನಿಂದ ಹಾರಿದಾಗ
ಹೆಬ್ಬೆರಳು ಒತ್ತಿತು. ಇನ್ನೊಮ್ಮೆ ಒತ್ತಿತು.
ಬಾಗಿಲು ತೆಗೀಲಿಲ್ಲ, ಕುದುರೆ ಒಳಗೇ ಉಳೀತು.
ಈಗ ಅವನ ಎಡಗೈಲಿ ಮೂರು ಬೆರಳು.
ಮೋತಿ ಸರ್ಕಲ್ ಹಿಂದೆ ಒಂದು ಗೋದಾಮಿನಲ್ಲಿ
ಜೀನ್ಸಿನ ಗುಂಡಿ ಎಣಿಸಿ ಪೊಟ್ಟಣ ಕಟ್ತಾನೆ,
ಒಂದೂ ತಪ್ಪಲ್ಲ.
ಅವನನ್ನ ಕೇಳು, ಚಿಲಕ ಬೇಡ ಅಂತಾನೆ.

ಇನ್ನೊಂದು ರಾತ್ರಿ ಐತೆ. ಯಾರಿಗೂ ಹೇಳಿಲ್ಲ.
ಸಾಹೇಬರನ್ನ ಬಂಗಲೆಗೆ ಬಿಟ್ಟು ಮನೆಗೆ ಬಂದಾಗ ಒಂದೂವರೆ.
ಆಯುಧ ಒಪ್ಪಿಸಿ ಬರಬೇಕಿತ್ತು, ಒಪ್ಪಿಸಲಿಲ್ಲ.
ಗುಂಡು ಇಳಿಸಬೇಕಿತ್ತು, ಇಳಿಸಲಿಲ್ಲ.
ದಿಂಬಿನ ಕೆಳಗಿಟ್ಟು ಬಿದ್ಕೊಂಡೆ.
ಹನ್ನೊಂದು ದಿನಕ್ಕೊಮ್ಮೆ ನಮ್ಮ ಓಣಿಗೆ ನೀರು,
ಅದೂ ಕಳ್ಳನ ಹಂಗೆ, ರಾತ್ರಿ ಮೂರಕ್ಕೆ.
ನಾನು ಮಲಗಲಿ ಅಂತ ಅವಳು ದೀಪ ಹಾಕಿರಲಿಲ್ಲ.
ಬಾಗಿಲಿಗೆ ತಾಮ್ರದ ಬಿಂದಿಗೆ ತಗಲಿ ಠಣ್ ಅಂತು.
ಕಣ್ಣಿಗಿಂತ ಮೊದಲು ಕೈ ಎದ್ದಿತ್ತು.
ಎದುರಿಗೊಂದು ಕರಿ ಆಕಾರ. ಎಳೆದೆ.
ಗಾದಿಲಿಂಗ, ನಾನು ಪೂರ್ತಿ ಎಳೆದೆ.

ಓಡಲಿಲ್ಲ.
ಚಿಲಕ ತೆಗೆಯೋದನ್ನ ಹೆಬ್ಬೆರಳು ಮರೆತಿತ್ತು,
ಹದಿನೇಳು ವರ್ಷದಲ್ಲಿ ಅದೊಂದೇ ಸಲ.
ಎದ್ರೇನು? ಹಂಗೇ ಮೋಟಾರ್ ಹಾಕ್ರಿ,
ನೀರು ಸಣ್ಣಕೆ ಬರ್ತೈತೆ, ಅಂದಳು ಮಾರೆಕ್ಕ.
ಹೋದೆ. ಅದೇ ಹೆಬ್ಬೆರಳಲ್ಲಿ ಸ್ವಿಚ್ಚು ಒತ್ತಿದೆ.
ಬೆಳಗಾಗೋವರೆಗೂ ತುಂಬಿಸಿದಳು
ಡ್ರಮ್ಮು, ಕೊಡ, ಬಕೆಟ್ಟು,
ಕೊನೆಗೆ ಮಗಳು ಹಾಲು ಕುಡಿಯೋ ಲೋಟ ಕೂಡ.
ಒಂದೊಂದೂ ತುಂಬಿದ ಸದ್ದು ಕೇಳ್ತಾ ಗೋಡೆಗೊರಗಿ ಕೂತಿದ್ದೆ.

ಬೆಳಿಗ್ಗೆ ಪುಸ್ತಕದಲ್ಲಿ ಬರೆದರು:
ಪಿಸ್ತೂಲು ಒಂದು, ಗುಂಡು ಪೂರ್ತಿ, ಸರಿ ಐತೆ.
ನಾನೂ ಸಹಿ ಮಾಡಿದೆ.

ಅವನಿಗೆ ಬಾಗಿಲು ತೆಗೆದಿದ್ದರೆ. ನನಗೆ ತೆಗೆದಿದ್ದರೆ.
ಇಷ್ಟೇ ನನಗೆ ಗೊತ್ತಿರೋದು, ಇದರಲ್ಲಿ ಉತ್ತರ ಇಲ್ಲ.
ಎರ್ರಿಸ್ವಾಮಿಯನ್ನ ಬೇಕಾದರೆ ನೋಡು,
ನನ್ನ ಹೆಸರು ಹೇಳು, ಟೀ ಕುಡಿಸ್ತಾನೆ.
ಮಾರೆಕ್ಕನ್ನ ಮಾತ್ರ ಕೇಳಬೇಡ.

ಏಳ್ತೀನಪ್ಪ. ಇವತ್ತು ರಾತ್ರಿ ನಮ್ಮ ಓಣಿಗೆ ನೀರೈತೆ,
ಬಿಂದಿಗೆ ಬೆಳಗಿಡಬೇಕು.